ಅರವತ್ತನಾಲ್ಕನೆಯ ಡಬ್ಬಿ

ಅಂಜಿನಮ್ಮ ಕುಂಕುಮವನ್ನು ಒಣದಾಗಿಯೇ ಹಚ್ಚಿದ್ದರೆ ಓಬಳೇಶನ ಆ ದಿನ ಬೇರೆಯೇ ಆಗಿರುತ್ತಿತ್ತು. ಒಣ ಕುಂಕುಮವಾದರೆ ಊದಿದರೆ ಹಾರುತ್ತದೆ. ಆದರೆ ಆಕೆ ಇಪ್ಪತ್ತು ವರ್ಷದಿಂದ ಆ ಪಾಲಿಟೆಕ್ನಿಕ್ಕಿನ ಕಸ ಗುಡಿಸಿ, ಗಂಟೆ ಬಾರಿಸಿ, ಆಯುಧಪೂಜೆಯಲ್ಲಿ ಲೇತ್ ಮಿಷನ್ನಿನಿಂದ ಹಿಡಿದು ಪ್ರಿನ್ಸಿಪಾಲರ ಸ್ಕೂಟರಿನವರೆಗೆ ಎಲ್ಲಕ್ಕೂ ಬೊಟ್ಟಿಟ್ಟ ಅನುಭವಸ್ಥೆ. ಉದುರಿಹೋಗುವ ಬೊಟ್ಟನ್ನು ಇಡುವವಳಲ್ಲ. ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಹಚ್ಚಿದ್ದಳು.

ಬೆಳಿಗ್ಗೆ ಒಂಬತ್ತಕ್ಕೆ ಓಬಳೇಶ ಲ್ಯಾಬಿನ ಬಾಗಿಲು ತಳ್ಳಿದಾಗ, ಸಾಲಾಗಿ ನಿಂತ ಅರವತ್ತನಾಲ್ಕು ರೋಬೋಗಳಲ್ಲಿ ನಲವತ್ತೊಂದರ ಹಣೆ ಕೆಂಪಗೆ ಮಿನುಗುತ್ತಿತ್ತು. ಆಕೆ ಹಣೆ ಎಂದು ತಿಳಿದದ್ದು ಅವುಗಳ ಕಣ್ಣು. ಬೊಟ್ಟಿನಷ್ಟೇ ಅಗಲದ ಒಂದೊಂದು ಗಾಜು. ಆ ಗಾಜಿನಿಂದಲೇ ಪ್ರತಿಯೊಂದು ರೋಬೋ ತನ್ನ ಪಕ್ಕದ ರೋಬೋ ಎಲ್ಲಿದೆ, ಎತ್ತ ಹೊರಟಿದೆ ಎಂದು ತಿಳಿದುಕೊಳ್ಳಬೇಕು.

"ಅಂಜಿನಮ್ಮಾ, ಏನಿದು?"

"ಪೂಜೆ ಸಾರ್. ಇವತ್ತು ದಾವಣಗೆರೆಯಿಂದ ಕಮಿಟಿ ಬರ್ತೈತಂತಲ್ಲ. ಹೊಸ ಮಿಷನ್ನು ಹಿಂಗೆ ಬೋಳು ಹಣೇಲಿ ನಿಂತಿದ್ದು ನೋಡಿ ಹೊಟ್ಟೆ ಚುರ್ ಅಂತು. ಇನ್ನಿಪ್ಪತ್ಮೂರಕ್ಕೆ ಕುಂಕುಮ ಸಾಲ್ಲಿಲ್ಲ. ತಡೀರಿ, ಮನೆಗೋಗಿ ತರ್ತೀನಿ."

"ಬ್ಯಾಡ!" ಓಬಳೇಶ ಕೂಗಿದ. ಆಮೇಲೆ ದನಿ ಇಳಿಸಿದ. "ಬ್ಯಾಡ ಅಂಜಿನಮ್ಮ. ಇಷ್ಟೇ ಸಾಕು. ಭಾಳ ಚೆನ್ನಾಗೈತೆ."

ಜೇಬಿನಿಂದ ಕರವಸ್ತ್ರ ತೆಗೆದು ಒಂದರ ಕಣ್ಣಿನ ಹತ್ತಿರ ಕೈ ಒಯ್ದನಷ್ಟೆ.

"ಅಯ್ಯಯ್ಯೋ! ಹಚ್ಚಿದ ಕುಂಕುಮ ಒರೆಸ್ತಾರೇನ್ರಿ? ಅದೂ ಒಳ್ಳೆ ಕೆಲಸಕ್ಕೆ ಹೊಂಟಾಗ? ನಿಮ್ಮನೆಯೋರು ಚೆನ್ನಾಗಿರಬೇಕೋ ಬ್ಯಾಡ್ವೋ?"

ಈ ಕೂಗಿಗೆ ಪ್ರಿನ್ಸಿಪಾಲ್ ಮಲ್ಲಿಕಾರ್ಜುನಪ್ಪನವರು ಒಳಗೆ ಬಂದರು. ಕೆಂಪು ಬೊಟ್ಟಿನ ಸಾಲನ್ನು ನೋಡಿ ಅವರ ಮುಖ ಅರಳಿತು. "ಎಷ್ಟು ಲಕ್ಷಣವಾಗಿ ಕಾಣ್ತಾವ್ರೀ! ಒರೆಸ್ಬ್ಯಾಡ್ರಿ ಓಬಳೇಶ್. ಕಮಿಟಿಯೋರಿಗೂ ನಮ್ಮ ಸಂಸ್ಕೃತಿ ಅಂದ್ರೆ ಏನಂತ ಗೊತ್ತಾಗ್ಲಿ."

ಅವರಿಬ್ಬರೂ ಹೋದ ಮೇಲೆ ಓಬಳೇಶ ಗುಟ್ಟಾಗಿ ಒಂದನ್ನು ಒರೆಸಿದ. ಬೊಟ್ಟಿನಷ್ಟಿದ್ದ ಕುಂಕುಮ ಗಾಜಿನ ತುಂಬ ಹರಡಿ, ಎಣ್ಣೆಯ ಜೊತೆ ಸಂದುಗಳಿಗೂ ಇಳಿಯಿತು. ಮತ್ತೊಂದನ್ನು ಮುಟ್ಟುವ ಧೈರ್ಯ ಅವನಿಗೆ ಬರಲಿಲ್ಲ. ಕರವಸ್ತ್ರ ಮಾತ್ರ ಗಾಯ ಕಟ್ಟಿದ ಬಟ್ಟೆಯ ಹಾಗಾಗಿತ್ತು.

ಅಷ್ಟೊತ್ತಿಗೆ ಫೋನು ಬಂತು. ಹೆಂಡತಿ ಚೈತ್ರಶ್ರೀ.

"ತಿಂಡಿ ತಿಂದ್ರಾ? ಕೇಳ್ರಿ, ಜಗಳೂರಿನ ಆ ಮನೆ ಓನರ್ರು ಫೋನ್ ಮಾಡಿದ್ರು. ಸಂಜೆ ಐದರೊಳಗೆ ಹೂಂ ಅಂದ್ರೆ ನಮಗೆ, ಇಲ್ಲಾಂದ್ರೆ ಬೇರೇರಿಗೆ ಕೊಡ್ತಾರಂತೆ. ಏನಾಗ್ತತೋ ತಕ್ಷಣ ಹೇಳ್ರಿ."

"ಹೇಳ್ತೀನಿ."

"ಅಡಿಗೆಮನೆ ಕಿಟಕಿ ಪೂರ್ವಕ್ಕೈತೆ ಕಣ್ರಿ."

ಓಬಳೇಶ ಸುಮ್ಮನಿದ್ದ. ಆಕೆಯೂ ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನಿಟ್ಟಳು. ಮದುವೆಯಾದ ಆರು ವರ್ಷದಲ್ಲಿ ಅವರಿಬ್ಬರೂ ಹೆಚ್ಚಾಗಿ ಮೌನವಾಗಿದ್ದದ್ದು ಫೋನಿನಲ್ಲಿಯೇ.

ಚೈತ್ರಶ್ರೀ ನ್ಯಾಮತಿಯಲ್ಲಿ ಟೈಲರಿಂಗ್ ಕಲಿಸುತ್ತಿದ್ದಳು. ಓಬಳೇಶ ಅತಿಥಿ ಉಪನ್ಯಾಸಕ. ಚನ್ನಗಿರಿಯಲ್ಲಿ ಎರಡು ವರ್ಷ, ಹೊನ್ನಾಳಿಯಲ್ಲಿ ಮೂರು, ನ್ಯಾಮತಿಯಲ್ಲಿ ಒಂದೇ ಒಂದು, ಈಗ ಜಗಳೂರಿನಲ್ಲಿ ಮೂರನೆಯದು. ಪ್ರತಿ ವರ್ಷ ಜೂನಿನಲ್ಲಿ ಅವನು ಇದ್ದಾನೋ ಇಲ್ಲವೋ ಎಂಬುದು ಅವನಿಗೇ ತಿಳಿಯುತ್ತಿರಲಿಲ್ಲ. ಶನಿವಾರ ಮೂರು ಬಸ್ಸು ಬದಲಿಸಿ ನ್ಯಾಮತಿಗೆ ಹೋಗುವುದು, ಸೋಮವಾರ ಮತ್ತೆ ಮೂರು ಬಸ್ಸು ಬದಲಿಸಿ ಬರುವುದು. ಈಗ ಕಾಲೇಜಿನ ಟ್ರಸ್ಟಿನವರು ಹೊಸ ರೋಬೋ ಪ್ರಯೋಗಾಲಯಕ್ಕೆ ಒಬ್ಬ ಕಾಯಂ ಮುಖ್ಯಸ್ಥ ಬೇಕೆಂದು ಹುದ್ದೆ ಮಾಡಿದ್ದರು. ಇವತ್ತಿನ ಪ್ರದರ್ಶನ ಕಮಿಟಿಗೆ ಒಪ್ಪಿಗೆಯಾದರೆ ಆ ಹುದ್ದೆ ಅವನದು. ಹುದ್ದೆ ಅವನದಾದರೆ ಪೂರ್ವದ ಕಿಟಕಿಯ ಅಡಿಗೆಮನೆ ಅವರಿಬ್ಬರದು.

ರೋಬೋಗಳಿಗೆ ಕಾಲೇಜಿನಲ್ಲಿ ಎಲ್ಲರೂ ಡಬ್ಬಿ ಎನ್ನುತ್ತಿದ್ದರು. ಅವು ಡಬ್ಬಿಗಳೇ. ವರ್ಕ್‌ಶಾಪಿನ ಮಂಜೂರ್ ಸ್ಟೀಲಿನ ಊಟದ ಡಬ್ಬಿಗಳಿಗೆ ಗಾಲಿ ಕೂರಿಸಿ, ಮುಂದೆ ಒಂದು ಗೋರುವ ತಗಡು ಬೆಸೆದು ಮಾಡಿಕೊಟ್ಟಿದ್ದ. ಅದರೊಳಗಿನ ಬುದ್ಧಿ ಮಾತ್ರ ಓಬಳೇಶನದು. ಈ ಸೀಮೆಯಲ್ಲಿ ಮೆಕ್ಕೆಜೋಳ ಒಣಹಾಕಿದಾಗ ಮೋಡ ಕವಿದರೆ ಮನೆಮಂದಿಯೆಲ್ಲ ಓಡಿಬಂದು ಗೋರಿ ರಾಶಿ ಮಾಡಬೇಕು. ಆ ಕೆಲಸವನ್ನು ಡಬ್ಬಿಗಳ ಹಿಂಡು ತಾನೇ ಮಾಡಬೇಕೆಂಬುದು ಅವನ ಆಸೆ. ಹಿಂಡಿಗೆ ಮುಂದಾಳು ಇಲ್ಲ. ಯಾರೂ ಯಾರಿಗೂ ಅಪ್ಪಣೆ ಕೊಡುವುದಿಲ್ಲ. ಪ್ರತಿ ಡಬ್ಬಿಯೂ ತನ್ನ ಅಕ್ಕಪಕ್ಕದವನ್ನಷ್ಟೇ ನೋಡಿಕೊಂಡು ಕೆಲಸ ಮಾಡುತ್ತದೆ. ಒಂದು ಕೆಟ್ಟರೆ ಪಕ್ಕದ್ದು ಅದರ ಜಾಗ ತುಂಬುತ್ತದೆ. ಕಣ್ಣು ಹೋದದ್ದು ತನ್ನ ಮೈಗೆ ತಾಗಿದ್ದರ ಜೊತೆ ಹೋಗುತ್ತದೆ.

ಈ ಮಾತನ್ನು ಅವನು ಕಾಲೇಜಿನ ಎಲ್ಲರಿಗೂ, ಒಮ್ಮೆ ಜಗಳೂರಿಗೆ ಬರುವ ಬಸ್ಸಿನ ಕಂಡಕ್ಟರಿಗೂ ಹೇಳಿದ್ದ. "ಮೂರರಲ್ಲಿ ಒಂದು ಪಾಲು ಹಾಳಾದ್ರೂ ನನ್ನ ಹಿಂಡು ನಿಲ್ಲಲ್ಲ," ಎನ್ನುತ್ತಿದ್ದ. ಇವತ್ತು ಹಾಳಾಗಿದ್ದದ್ದು ಮೂರರಲ್ಲಿ ಎರಡು ಪಾಲು.

"ಅರೆ ಸಾರ್, ಫಿಕರ್ ಯಾಕೆ ಮಾಡ್ತೀರಿ?" ಎಂದ ಮಂಜೂರ್, ಡಬ್ಬಿಗಳನ್ನು ಗೋಣಿಚೀಲಕ್ಕೆ ತುಂಬುತ್ತ. "ಕುರುಡ್ರಾದ್ರೂ ನಡೀತಾವೆ ಅಂತ ನೀವೇ ಹೇಳ್ತಿದ್ರಲ್ಲ."

"ಹೇಳೋದು ಬೇರೆ ಮಂಜೂರ್."

"ಹಂಗಾದ್ರೆ ನನಗೆ ಹೇಳಿದ್ದೆಲ್ಲ ಸುಳ್ಳಾ? ನಾನು ಅರವತ್ನಾಕು ಡಬ್ಬಿ ಬೆಸ್ದೀನಿ ಸಾರ್! ಕೈ ನೋಡ್ರಿಲ್ಲಿ, ಸುಟ್ಟಿದ್ದು."

ಓಬಳೇಶ ಚೀಲದ ಬಾಯಿ ಕಟ್ಟಿಕೊಟ್ಟ. ಮಂಜೂರ್ ಚೀಲ ಹೊತ್ತು ಹೊರಗೆ ಹೋದ ಮೇಲೆ, ಒಂಬತ್ತು ವರ್ಷದಲ್ಲಿ ಮಾಡದ ಒಂದು ಕೆಲಸ ಮಾಡಿದ. ಕಣ್ಣು ಚೆನ್ನಾಗಿದ್ದ ಕೊನೆಯ ಡಬ್ಬಿಯನ್ನು, ಅರವತ್ತನಾಲ್ಕನೆಯದನ್ನು, ತೆಗೆದುಕೊಂಡು ತನ್ನ ಮೊಬೈಲಿಗೆ ಜೋಡಿಸಿದ. ಹಿಂಡು ದಾರಿ ತಪ್ಪಿದರೆ ಇದೊಂದನ್ನು ತಾನೇ ಬೆರಳಿನಿಂದ ನಡೆಸುತ್ತಾನೆ. ಇದು ಮುಂದೆ ಹೋದರೆ ಉಳಿದವು ಹಿಂದೆ ಬರುತ್ತವೆ. ಮುಂದಾಳಿಲ್ಲದ ಹಿಂಡಿಗೆ ಒಬ್ಬ ಕಳ್ಳ ಮುಂದಾಳು. ಮೊಬೈಲನ್ನು ಜೇಬಿಗೆ ಹಾಕಿಕೊಳ್ಳುವಾಗ ಸ್ವಂತ ಅಂಗಡಿಯಲ್ಲೇ ಕದ್ದವನ ಹಾಗೆ ಅತ್ತಿತ್ತ ನೋಡಿದ.

ಹನ್ನೊಂದಕ್ಕೆ ಕಮಿಟಿ ಬಂತು. ಕಮಿಟಿ ಎಂದರೆ ಇಬ್ಬರೇ. ದಾವಣಗೆರೆಯ ಇಂಜಿನಿಯರಿಂಗ್ ಪ್ರಾಧ್ಯಾಪಕಿ ಉಷಾರಾಣಿ ಮತ್ತು ಟ್ರಸ್ಟಿನ ಪರವಾಗಿ ಪ್ರಿನ್ಸಿಪಾಲರು. ಉಷಾರಾಣಿ ಮೇಡಂ ಹೆಚ್ಚು ಮಾತಾಡುವವರಲ್ಲ. ಕಾಫಿ ಹೇಗಿದೆ ಎಂದು ಪ್ರಿನ್ಸಿಪಾಲರು ಕೇಳಿದಾಗಲೂ ಉತ್ತರಕ್ಕೆ ಮುಂಚೆ ಒಂದು ಕ್ಷಣ ಯೋಚಿಸಿದರು.

ಮೈದಾನದಲ್ಲಿ ನಾಲ್ಕು ಚೀಲ ಮೆಕ್ಕೆಜೋಳ ಹರಡಿದ್ದರು. ಡಬ್ಬಿಗಳನ್ನು ಸುತ್ತಲೂ ಬಿಟ್ಟರು. ಅಂಜಿನಮ್ಮ ಒಂದು ತೆಂಗಿನಕಾಯಿ ಒಡೆದಳು. ಓಬಳೇಶ ಗುಂಡಿ ಒತ್ತಿದ.

ಮೊದಲ ಎರಡು ನಿಮಿಷ, ಹೊನ್ನಾಳಿ ಬಸ್‌ಸ್ಟ್ಯಾಂಡಿಗೆ ದಾವಣಗೆರೆ ಬಸ್ಸು ಬಂದಾಗ ಕಿಟಕಿಯಲ್ಲಿ ಟವೆಲ್ ಹಾಕಲು ನುಗ್ಗುವ ಜನದ ಹಾಗೆ ಡಬ್ಬಿಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಕುಂಕುಮವಿದ್ದವು ಗಿರಗಿರನೆ ಸುತ್ತಿದವು. ಒಂದು ಡಬ್ಬಿ ನೇರವಾಗಿ ಬಂದು ಪ್ರಿನ್ಸಿಪಾಲರ ಬೂಟಿಗೆ ಹಣೆ ಹಚ್ಚಿ ನಿಂತಿತು.

"ಆಶೀರ್ವಾದ ಕೇಳಾಕೆ ಬಂದೈತೆ!" ಎಂದಳು ಅಂಜಿನಮ್ಮ. ಪ್ರಿನ್ಸಿಪಾಲರು ಬಗ್ಗಿ ಅದರ ತಲೆ ಮುಟ್ಟಿದರು.

ಮೂರನೆಯ ನಿಮಿಷಕ್ಕೆ ಏನೋ ಬದಲಾಯಿತು. ಡಿಕ್ಕಿ ಹೊಡೆದವು ಹಾಗೇ ಅಂಟಿಕೊಂಡು ಜೋಡಿಯಾದವು, ಜೋಡಿಗಳು ಸಾಲಾದವು. ಕಣ್ಣಿದ್ದ ಒಂದರ ಮೈಗೆ ಕಣ್ಣಿಲ್ಲದ ಎರಡು ತಾಗಿಕೊಂಡು ನಡೆದವು. ಕಾಳು ಸರಸರನೆ ನಡುವಿಗೆ ಸರಿಯತೊಡಗಿತು. ಓಬಳೇಶನ ಎದೆ ಮೊದಲ ಸಲ ಹಗುರಾಯಿತು. ಆಗಲೇ ಮೈದಾನದ ಮುರಿದ ಗೇಟಿನಿಂದ ಚಿತ್ತಪ್ಪನ ಕುರಿಗಳು ನುಗ್ಗಿದವು.

ಚಿತ್ತಪ್ಪ ದಿನವೂ ಅದೇ ಹೊತ್ತಿಗೆ ಮೈದಾನದ ಹಿಂದಿನ ದಾರಿಯಲ್ಲಿ ಎಂಬತ್ತು ಕುರಿ ಹೊಡೆದುಕೊಂಡು ಹೋಗುವವನು. ದಿನವೂ ಅಲ್ಲಿ ಕಾಳು ಇರುತ್ತಿರಲಿಲ್ಲ, ಅಷ್ಟೆ.

"ಯಾರ್ರೀ ಇಲ್ಲಿ ಜ್ವಾಳ ಚೆಲ್ಲಿದ್ದು?" ಅವನು ದೂರದಿಂದಲೇ ಕೂಗುತ್ತ ಓಡಿಬಂದ. "ನನ್ ಕುರಿ ತಿಂದು ಹೊಟ್ಟೆ ಉಬ್ಬಿದ್ರೆ ಯಾರು ಹೊಣೆ?"

"ನಿನ್ ಕುರಿ ನೀನು ಹಿಡ್ಕೊಳ್ಳಪ್ಪಾ! ಇಲ್ಲಿ ಕಮಿಟಿ ನಡೀತೈತೆ," ಎಂದು ಪ್ರಿನ್ಸಿಪಾಲರು ಕುರ್ಚಿಯ ಮೇಲೆ ಕಾಲೆತ್ತಿಕೊಂಡರು.

"ಕುರಿಗೆ ಕಮಿಟಿ ಗೊತ್ತಾಗ್ತತೇನ್ರಿ ಸಾರ್?"

ಮಂಜೂರ್ ಗೋಣಿಚೀಲ ಬೀಸಿದ, ಅಂಜಿನಮ್ಮ ಪೊರಕೆ ಬೀಸಿದಳು. ಒಂದು ಟಗರು ಮೂರು ಡಬ್ಬಿಗಳನ್ನು ಒಂದೇ ಗುದ್ದಿಗೆ ಅಂಗಾತ ಕೆಡವಿತು. ಅವುಗಳ ಗಾಲಿಗಳು ಗಾಳಿಯಲ್ಲಿ ತಿರುಗುತ್ತಲೇ ಇದ್ದವು. ಓಬಳೇಶನಿಗೆ ಪೂರ್ವದ ಕಿಟಕಿ ಮುಚ್ಚಿಕೊಳ್ಳುವುದು ಕಣ್ಣಿಗೆ ಕಂಡಿತು. ಅವನು ಮೆಲ್ಲಗೆ ಬೇವಿನ ಮರದ ಮರೆಗೆ ಸರಿದು ಮೊಬೈಲ್ ತೆಗೆದ.

ಅವನ ಯೋಜನೆ ಸರಳ. ಕುರಿಗಳಿಲ್ಲದ ಕಡೆಗೆ, ಗೋಡೆಯ ಬದಿಗೆ ಹಿಂಡನ್ನು ಕರೆದೊಯ್ಯಬೇಕು. ಅರ್ಧ ಕಾಳಾದರೂ ಉಳಿಯುತ್ತದೆ. ಬೆರಳು ಒತ್ತಿದ. ಅರವತ್ತನಾಲ್ಕನೆಯ ಡಬ್ಬಿ ಹಿಂಡಿನ ನಡುವಿನಿಂದ ಎದ್ದ ನಾಯಕನಂತೆ ಗೋಡೆಯ ಕಡೆ ಹೊರಟಿತು. ಪಕ್ಕದ ಎರಡು ಒಂದು ಗೇಣು ಹಿಂದೆ ಬಂದು, ನಿಂತು, ಕಾಳಿನ ಕಡೆಗೇ ವಾಪಸು ತಿರುಗಿದವು. ಓಬಳೇಶ ತನ್ನ ಡಬ್ಬಿಯನ್ನು ಮತ್ತೆ ನಡುವಿಗೆ ತಂದು ಮತ್ತೆ ಹೊರಡಿಸಿದ. ಯಾವುದೂ ಕದಲಲಿಲ್ಲ. ಮೂರನೆಯ ಸಲ ಹಾಗೆ ಮಾಡಿದಾಗ ಐದು ಡಬ್ಬಿಗಳು ಬಂದವು. ಅದರ ಹಿಂದೆ ಬರಲಿಲ್ಲ, ಎದುರು ಬಂದವು. ಐದೂ ತಗಡು ಒತ್ತಿ ಅದನ್ನು ತಳ್ಳತೊಡಗಿದವು.

ಓಬಳೇಶ ಹಿಂದಕ್ಕೆ ಒತ್ತಿದ, ಎಡಕ್ಕೆ ಒತ್ತಿದ, ಎರಡೂ ಹೆಬ್ಬೆರಳು ಹಾಕಿ ಒತ್ತಿದ. ಐವರ ಮುಂದೆ ಒಬ್ಬನ ಆಟ ಎಷ್ಟು ಹೊತ್ತು? ಮದುವೆಮನೆಯಲ್ಲಿ ಜಗಳ ತೆಗೆದ ನೆಂಟನನ್ನು ಸದ್ದಿಲ್ಲದೆ ಹೊರಗೆ ಕರೆದೊಯ್ಯುವ ಹಾಗೆ, ಅವು ಅದನ್ನು ಮೈದಾನ ದಾಟಿಸಿ ತಂತಿಬೇಲಿಯ ಬುಡಕ್ಕೆ ಬಿಟ್ಟು, ಏನೂ ಆಗಿಲ್ಲವೆಂಬಂತೆ ಕೆಲಸಕ್ಕೆ ಮರಳಿದವು.

ಅವನಿಗೆ ಆಗ ನೆನಪಾಯಿತು. ಆ ನಿಯಮ ಬರೆದವನು ತಾನೇ. ಕುರುಡಾದದ್ದನ್ನು ಜೊತೆಗೆ ಕರೆದುಕೊಳ್ಳಬೇಕು, ಬಿದ್ದದ್ದರ ಕೆಲಸ ಹಂಚಿಕೊಳ್ಳಬೇಕು, ಆದರೆ ಸುತ್ತಲಿನವು ಹೋಗುವ ದಿಕ್ಕಿಗೆ ಮತ್ತೆ ಮತ್ತೆ ಎದುರಾಗಿ ನಡೆದದ್ದನ್ನು ಕೆಟ್ಟಿದೆಯೆಂದು ತಿಳಿದು ಪಕ್ಕಕ್ಕೆ ಸರಿಸಬೇಕು. ಮೊದಲು ಸಿಟ್ಟು ಬಂತು. ಅದರ ಹಿಂದೆಯೇ, ಯಾರಿಗೂ ಹೇಳಿಕೊಳ್ಳಲಾಗದಂಥ ಒಂದು ಹೆಮ್ಮೆ ಬಂತು. ಮರದ ಮರೆಯಲ್ಲಿ ಅವನೊಬ್ಬನೇ ನಕ್ಕ.

ಅಷ್ಟರಲ್ಲಿ ಉಳಿದ ಅರವತ್ತು ಒಂದೇ ಮೈಯಾಗಿದ್ದವು. ಸ್ಟೀಲಿನ ಅರವತ್ತು ಡಬ್ಬಿ ಗೊರಸಿಗೆ ತಾಗಿ ಖಣಖಣ ಎನ್ನುತ್ತ ಬಂದರೆ ಯಾವ ಕುರಿ ತಾನೇ ನಿಂತೀತು? ಒಂದು ಹೆಜ್ಜೆ ಹಿಂದೆ ಸರಿಯಿತು, ಅದರ ಪಕ್ಕದ್ದೂ ಸರಿಯಿತು, ಎಂಬತ್ತೂ ಸರಿದವು. ಚಿತ್ತಪ್ಪ ಸಿಳ್ಳೆ ಹಾಕಿದ. ಮಂದೆ ಗೇಟು ದಾಟಿತು. ಹದಿನೇಳನೆಯ ನಿಮಿಷಕ್ಕೆ ಮೈದಾನದ ನಡುವೆ ಮೆಕ್ಕೆಜೋಳದ ರಾಶಿ ಬಿದ್ದಿತ್ತು. ಅದರ ಸುತ್ತ ಡಬ್ಬಿಗಳು ಸುಮ್ಮನೆ ನಿಂತಿದ್ದವು.

ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಮಂಜೂರ್ ತನ್ನ ಸುಟ್ಟ ಕೈಯನ್ನು ಎತ್ತಿ ಎಲ್ಲರಿಗೂ ತೋರಿಸಿದ. "ನಾನು ಹಚ್ಚಿದ್ದು ಸುಮ್ನೆ ಹೋಗ್ತತೇನ್ರಿ?" ಎಂದಳು ಅಂಜಿನಮ್ಮ.

ಉಷಾರಾಣಿ ಮೇಡಂ ಎದ್ದು ರಾಶಿಯ ಸುತ್ತ ಒಂದು ಸುತ್ತು ಬಂದರು. ಒಂದು ಡಬ್ಬಿಯ ಕುಂಕುಮವನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇವುಗಳ ಕಣ್ಣು ಮುಚ್ಚಿ ಪರೀಕ್ಷೆ ಮಾಡಿದೀರಿ. ಮೂರರಲ್ಲಿ ಎರಡು ಪಾಲು. ಇಷ್ಟು ಧೈರ್ಯ ನಾನು ಎಲ್ಲೂ ನೋಡಿಲ್ಲ."

ಓಬಳೇಶ ಬಾಯಿ ತೆರೆದ. ಅಂಜಿನಮ್ಮನ ಮುಖ ನೋಡಿ ಮುಚ್ಚಿದ.

ಮೇಡಂ ಚಿತ್ತಪ್ಪನ ಕಡೆ ತಿರುಗಿದರು. "ನಿಮ್ಮ ಕುರಿಗಳಿಗೆ ಮುಂದಾಳು ಯಾರು?"

"ಯಾರೂ ಇಲ್ಲ ಮೇಡಮ್ಮೋರೆ. ಇವತ್ತೊಂದು ಮುಂದಿರ್ತತೆ, ನಾಳೆ ಇನ್ನೊಂದು. ನಾನು ಹಿಂದೆ ಕೋಲು ಹಿಡ್ಕಂಡು ಓಡಾಡ್ತೀನಿ. ನಾನೇ ಹೊಡಿಯೋನು ಅಂತ ಮನೇಲಿ ಹೇಳ್ಕೊಂತೀನಿ, ಅಷ್ಟೆ."

ಮೇಡಂ ಮೊದಲ ಸಲ ನಕ್ಕರು. ಆಮೇಲೆ ಬೇಲಿಯ ಕಡೆ ಬೆರಳು ಮಾಡಿದರು. "ಅಲ್ಲಿ ಒಂದೇ ಒಂದು ಬಿದ್ದಿದೆಯಲ್ಲ, ಅದೇನದು?"

ಎಲ್ಲರೂ ಅತ್ತ ನೋಡಿದರು. ಓಬಳೇಶ ಸುಳ್ಳು ಹೇಳಬಹುದಿತ್ತು. ಬ್ಯಾಟರಿ ಹೋಗಿದೆ ಎಂದರೆ ಮುಗಿಯುತ್ತಿತ್ತು.

"ಅದು... ನಾನು, ಮೇಡಂ."

"ನೀವಾ?"

ಮೊಬೈಲ್ ತೆಗೆದು ತೋರಿಸಿದ. ಹೆದರಿಕೆಯಾದದ್ದು, ಮುಂದಾಳಾಗಲು ಹೋದದ್ದು, ಐದು ಡಬ್ಬಿ ಬಂದು ತಳ್ಳಿದ್ದು, ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಏರಿತು. "ನಾನು ಮಾಡಿದ್ದು ತಪ್ಪು ಮೇಡಂ. ಆದ್ರೆ ನೋಡ್ರಿ, ಅವು ಎಷ್ಟು ಸರಿ! ನಾನು ಬರ್ದಿದ್ದು ನನ್ನನ್ನೂ ಬಿಡ್ಲಿಲ್ಲ. ಅಡ್ಡ ಬಂದೋನು ಯಾರಾದ್ರೂ ಸೈ, ಪಕ್ಕಕ್ಕೆ ಇಟ್ಟು ಕೆಲಸ ಮುಗಿಸಿದ್ವು!"

"ನಾಳೆ ನೀವು ಇಲ್ಲದಿದ್ದರೆ?"

"ನಾನಿಲ್ದಿದ್ರೂ ನಡೀತಾವೆ!" ಓಬಳೇಶ ಎದೆಯುಬ್ಬಿಸಿ ಅಂದ. "ಯಾರಿಲ್ದಿದ್ರೂ ನಡೀತಾವೆ ಮೇಡಂ. ಅದೇ ಅಲ್ವ ನನ್ನ ಒಂಬತ್ತು ವರ್ಷದ ಕೆಲಸ?"

"ಇದನ್ನ ಬರೆದು ಕೊಡ್ತೀರಾ?"

ಅವನು ಅಲ್ಲೇ ಕುರ್ಚಿಯ ಮೇಲೆ ಹಾಳೆ ಇಟ್ಟುಕೊಂಡು ಬರೆದ. ಈ ಹಿಂಡನ್ನು ನಡೆಸಲು ಯಾವ ಮುಖ್ಯಸ್ಥನೂ ಬೇಕಾಗಿಲ್ಲ, ಮುಖ್ಯಸ್ಥನಾಗಲು ಹೋದವನಿಂದ ತೊಂದರೆಯೇ ಹೆಚ್ಚು, ಇದು ಈ ದಿನ ಎಲ್ಲರ ಎದುರು ಸಾಬೀತಾಗಿದೆ ಎಂದು. ಕೆಳಗೆ ಸಹಿ ಹಾಕಿದ. ಸಹಿಯ ಕೆಳಗೆ, ಯಾರೂ ಕೇಳದಿದ್ದರೂ, ಒಂದು ಗೆರೆ ಎಳೆದ.

ಕಮಿಟಿ ಪ್ರಿನ್ಸಿಪಾಲರ ಕೋಣೆಯಲ್ಲಿ ಅರ್ಧ ಗಂಟೆ ಕೂತಿತು. ಮೇಡಂ ಹೊರಗೆ ಬಂದು ಅವನ ಕೈ ಕುಲುಕಿ, "ಇಂಥ ಕೆಲಸ ನಾನು ಮಾಡಿದ್ದರೆ ನನಗೆ ಜಂಬ ಬರ್ತಿತ್ತು," ಎಂದು ಹೇಳಿ ಕಾರು ಹತ್ತಿದರು. ಪ್ರಿನ್ಸಿಪಾಲರು ಅವನ ಹೆಗಲ ಮೇಲೆ ಕೈ ಹಾಕಿ ವರಾಂಡದ ಕೊನೆಯವರೆಗೆ ನಡೆಸಿಕೊಂಡು ಹೋದರು. ಅವರ ಕಣ್ಣು ಒದ್ದೆಯಾಗಿತ್ತು.

"ಓಬಳೇಶ್, ಮೂವತ್ತು ವರ್ಷದ ಸರ್ವೀಸಿನಾಗೆ ನಿಮ್ಮಂಥ ಮನುಷ್ಯನ್ನ ನಾನು ನೋಡಿಲ್ಲ. ಮೇಡಂ ನಿಮ್ಮ ಕೆಲಸಕ್ಕೆ ನೂರಕ್ಕೆ ನೂರು ಕೊಟ್ಟಾರೆ. ನಿಮ್ಮ ಹಾಳೇನ ನಾನು ಟ್ರಸ್ಟಿನೋರಿಗೆ ಫೋನ್‌ನಾಗೆ ಪೂರ್ತಿ ಓದಿದೆ. ಎರಡು ಸಲ ಓದಿಸಿಕೊಂಡ್ರು."

"ಹಂಗಾದ್ರೆ... ಹುದ್ದೆ, ಸಾರ್?"

"ಅದೇ ಹೇಳ್ತಿದ್ದೆ. ಆ ಲ್ಯಾಬಿಗೆ ಮುಖ್ಯಸ್ಥ ಬ್ಯಾಡ ಅಂತ ತೀರ್ಮಾನ ಆತು. ನೀವೇ ಬರ್ದು ಕೊಟ್ರಲ್ಲ! ಹುದ್ದೇನೇ ತೆಗೆದು ಹಾಕಿದ್ರು. ಯಾರ್ರೀ ಈ ಕಾಲದಾಗೆ ತನ್ನ ಕುರ್ಚಿ ತಾನೇ ಬ್ಯಾಡ ಅಂತ ಸಾಬೀತು ಮಾಡೋರು? ಜೂನಿಗೆ ಮತ್ತೆ ಗೆಸ್ಟ್ ಅರ್ಜಿ ಹಾಕ್ರಿ. ಖಂಡಿತ ಪರಿಶೀಲಿಸ್ತೀವಿ."

ಅವರು ಹೋದರು. ಓಬಳೇಶ ಮೈದಾನ ದಾಟಿ, ಬೇಲಿಯ ಬುಡದಲ್ಲಿ ಬಿದ್ದಿದ್ದ ಡಬ್ಬಿಯನ್ನು ಎತ್ತಿಕೊಂಡು, ಅದರ ಧೂಳು ಕೊಡವಿದ. ಅಷ್ಟು ದೂರದಿಂದ ನೋಡಿದರೆ ರಾಶಿಯ ಸುತ್ತ ನಿಂತ ಅರವತ್ತೂ ಬಿಸಿಲಿನಲ್ಲಿ ಹೊಳೆಯುತ್ತಿದ್ದವು. ಒಂದರ ಮೇಲೊಂದು ಬಿದ್ದಿರಲಿಲ್ಲ, ಒಂದೂ ದೂರ ಹೋಗಿರಲಿಲ್ಲ. ಎಷ್ಟು ನೋಡಿದರೂ ಅದರಲ್ಲಿ ಒಂದು ತಪ್ಪೂ ಅವನಿಗೆ ಸಿಗಲಿಲ್ಲ.

ಫೋನು ಬಂತು.

"ಏನಾತ್ರೀ?" ಎಂದಳು ಚೈತ್ರಶ್ರೀ. "ಹೆಂಗಾತು?"

"ಭಾಳ ಚೆನ್ನಾಗಾತು. ಕುರಿ ನುಗ್ಗಿದ್ರೂ ನಿಲ್ಲಲಿಲ್ಲ. ಅರವತ್ತೂ ಒಂದನ್ನೊಂದು ಬಿಡದಂಗೆ ಕೆಲಸ ಮುಗಿಸಿದ್ವು. ನೀನು ನೋಡ್ಬೇಕಿತ್ತು ಚೈತ್ರಾ."

"ಅವು ಸರಿ. ನೀವು?"

ಗಾಳಿಗೆ ಬೇಲಿಯ ತಂತಿ ಸಣ್ಣಗೆ ಅಲುಗಿತು. ಅತ್ತಲಿಂದ ಆಕೆ ಕಾಯುತ್ತಿದ್ದಳು. ಹೊಲಿಗೆ ಮಿಷನ್ನಿನ ಸದ್ದು ನಿಂತದ್ದು ಅವನಿಗೆ ಕೇಳಿಸಿತು.

"ನಾನು," ಎಂದ ಓಬಳೇಶ, "ಬೇಲಿ ಹತ್ರ ಇದ್ದೀನಿ."